ರಿಯಾದ್‌ನಿಂದ ಸತ್ತೇಗಾಲಕ್ಕೆ ಎಷ್ಟು ಹೊತ್ತು

ಕಂಡಕ್ಟರ್ ಕೆಂಪನಂಜಪ್ಪನ ಹತ್ತಿರ ದೂರದ ಮಾತು ಎತ್ತಬಾರದು. ಎತ್ತಿದಿರೋ, ಕೆಟ್ಟಿರಿ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ನಿಂತುಕೊಂಡೇ ಜೀವ ಸವೆಸಿದ ಮನುಷ್ಯ. ರಿಟೈರಾಗಿ ಸತ್ತೇಗಾಲದಲ್ಲಿ ಕೂತ ಮೇಲೂ ಅವನ ತಲೆಯೊಳಗೆ ಬಸ್ಸು ನಿಂತಿರಲಿಲ್ಲ. ಕೊಳ್ಳೇಗಾಲದಿಂದ ಕಾಮಗೆರೆಗೆ ಎಷ್ಟು, ಹನೂರಿಗೆ ಎಷ್ಟು, ಕೌದಳ್ಳಿಗೆ ಎಷ್ಟು, ತಾಳಬೆಟ್ಟದಿಂದ ಮೇಲೆ ಮಾದಪ್ಪನ ಸನ್ನಿಧಿಗೆ ಇನ್ನೆಷ್ಟು, ಮಳೆ ಹಿಡಿದರೆ ಎಷ್ಟು ಹೊತ್ತು, ಅಮಾವಾಸ್ಯೆ ಜನ ತುಂಬಿದರೆ ಎಷ್ಟು ಹೊತ್ತು, ಇದನ್ನೆಲ್ಲ ಕೇಳದಿದ್ದರೂ ಹೇಳುತ್ತಿದ್ದ. ಊರವರು ಅವನನ್ನು ಕಂಡರೆ ಕೈಗಡಿಯಾರ ಮುಚ್ಚಿಕೊಳ್ಳುತ್ತಿದ್ದರು.

ಕೇಳುವವನು ಒಬ್ಬನೇ ಇದ್ದ, ಪುಟ್ಟಮಲ್ಲಪ್ಪ. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಪುಟ್ಟಮಲ್ಲಪ್ಪನಿಗೆ ನಾಲೆ ಕೆಳಗೆ ಗದ್ದೆ, ಗದ್ದೆ ಬದುವಿಗೆ ತೆಂಗು, ಮನೆಯಲ್ಲಿ ಮಗ ಶಿವಕುಮಾರಸ್ವಾಮಿ, ಸೊಸೆ ಕೋಮಲ. ಹೆಂಡತಿ ತೀರಿ ಒಂಬತ್ತು ವರ್ಷವಾಗಿತ್ತು. ಮಗಳು ಶಿವರತ್ನಮ್ಮ ನರ್ಸು. ಲಿಂಗ ಕಟ್ಟಿದ ಮನೆಯ ಹೆಣ್ಣು ಕಂಡವರ ಹೇಲು ಉಚ್ಚೆ ಬಾಚುವುದೇ ಅಂತ ಊರೆಲ್ಲ ಮೂಗು ಮುರಿದಾಗ, "ನಿಮ್ಮನೆ ಹೇಲ ಬಾಚಕೆ ಕರುದ್ರಾ?" ಅಂತ ಪುಟ್ಟಮಲ್ಲಪ್ಪ ಎಲ್ಲರ ಬಾಯಿ ಮುಚ್ಚಿಸಿದ್ದ. ಮದುವೆ ಬೇಡ ಅಂದವಳು ಮೈಸೂರು, ಬೆಂಗಳೂರು ದಾಟಿ ಕೊನೆಗೆ ಅರಬ್ಬರ ದೇಶದ ರಿಯಾದ್ ಎಂಬ ಊರಿನ ಆಸ್ಪತ್ರೆ ಸೇರಿದ್ದಳು.

ಹಿಂದಿನ ಸಲ ರಜಕ್ಕೆ ಬಂದಾಗ ಅವಳು ವಿಮಾನದಲ್ಲಿ ಕೊಡುವ ನಕ್ಷೆಯೊಂದನ್ನು ಕೆಂಪನಂಜಪ್ಪನಿಗೆ ತಂದುಕೊಟ್ಟಿದ್ದಳು. ರಿಯಾದ್‌ನಿಂದ ಬೊಂಬಾಯಿಗೆ ಕೆಂಪು ಗೆರೆ, ಎರಡು ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರು, ನಾಲ್ಕು ಗಂಟೆ. ನಾಲ್ಕು ಗಂಟೆ! ಕೊಳ್ಳೇಗಾಲದಿಂದ ಬೆಟ್ಟಕ್ಕೆ ಎಂಬತ್ತು ಕಿಲೋಮೀಟರು ಹೋಗುವುದಕ್ಕೇ ಇವನ ಬಸ್ಸಿಗೆ ಮೂರು ಗಂಟೆ ಹಿಡಿಯುತ್ತಿತ್ತು. ಕೆಂಪನಂಜಪ್ಪ ಆ ನಕ್ಷೆಯನ್ನು ಬೀಡಿ ಕಟ್ಟಿನ ಜೊತೆ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಎಂಬತ್ತೆಂಟನೇ ಇಸವಿ ಮಾರ್ಚ್ ಹದಿಮೂರು. ಪುಟ್ಟಮಲ್ಲಪ್ಪನ ಹೊಟ್ಟೆಯ ಗಡ್ಡೆ ನೋಡಿದ ಮೈಸೂರಿನ ಡಾಕ್ಟರು, "ಮನೆಗೆ ಕರ್ಕೊಂಡು ಹೋಗಿ, ಹೆಚ್ಚೆಂದರೆ ಮೂರು ದಿನ" ಅಂದುಬಿಟ್ಟರು. ಅವತ್ತೇ ತಂದು ನಡುಮನೆಯಲ್ಲಿ ಮಲಗಿಸಿದರು. ಐನೋರು ಬಂದು ವಿಭೂತಿ ಇಟ್ಟು ಪಾದೋದಕ ಬಿಡಲು ಹೋದರೆ ಮುದುಕ ತುಟಿ ಬಿಗಿ ಹಿಡಿದ.

"ಈಗ್ಲೇ ಬ್ಯಾಡ. ನನ್ ಕೂಸು ಬರ್ಲಿ. ಅವಳ ಕೈನ ನೀರ ಕುಡ್ದು ಓಯ್ತೀನಿ. ಅಲ್ಲಿಗಂಟ ಎಲ್ಲೂ ಓಗಕಿಲ್ಲ."

ಶಿವಕುಮಾರಸ್ವಾಮಿ ಕಣ್ಣೊರೆಸಿಕೊಂಡು ಕೆಂಪನಂಜಪ್ಪನ ಮುಖ ನೋಡಿದ. "ಮಾವ, ತಂತಿ ಕೊಡೋದು ನೀವೇ. ನಿಮ್ಗೆ ಗೊತ್ತಲ್ಲ ಎಂಗೆ ಬರೀಬೇಕು ಅಂತ."

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಸತ್ತವರನ್ನು ತಂತಿಯಲ್ಲಿ ಯಾರೂ ಸಾಯಿಸುವುದಿಲ್ಲ. ಮಸಣಕ್ಕೆ ಸೌದೆ ಬಿದ್ದಿದ್ದರೂ, ಗುಂಡಿ ತೋಡಿ ಮುಗಿದಿದ್ದರೂ ತಂತಿಯಲ್ಲಿ ಹೋಗುವುದು ಒಂದೇ ಮಾತು: ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ. ದಾರಿಯಲ್ಲಿ ಬರುವವರ ಎದೆ ಒಡೆಯಬಾರದು, ಬಸ್ಸಿನಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಡಿದುಕೊಳ್ಳಬಾರದು ಅಂತ ಮಾಡಿಕೊಂಡ ಏರ್ಪಾಡು. ಹಂಗೆ ಸೀರಿಯಸ್ ಆದವರು ಯಾರೂ ಎದ್ದು ಓಡಾಡಿದ್ದಿಲ್ಲ. ಎಪ್ಪತ್ತೊಂಬತ್ತರಲ್ಲಿ ಪುಟ್ಟಮಲ್ಲಪ್ಪನ ಹೆಂಡತಿ ತೀರಿಕೊಂಡಾಗ ಮೈಸೂರಿನಲ್ಲಿ ಓದುತ್ತಿದ್ದ ಮಗಳು ರತ್ನಳಿಗೆ 'ಮದರ್ ಸೀರಿಯಸ್' ಅಂತ ಬರೆಸಿದವನೂ ಇದೇ ಕೆಂಪನಂಜಪ್ಪ. ಪಾಪ, ಇಪ್ಪತ್ತರ ಹುಡುಗಿ, ನಿಜವೆಂದೇ ನಂಬಿದಳು. ಗ್ಲೂಕೋಸ್ ಡಬ್ಬ, ಒಂದು ಡಜನ್ ಮೂಸಂಬಿ ಹಿಡಿದುಕೊಂಡು ಬಂದಳು. ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲವಲ್ಲ, ಜಗುಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಬೀದಿಯ ತುದಿಯಿಂದಲೇ ನೋಡಿದ ರತ್ನ, "ಅವ್ವ ಎದ್ದು ಕೂತವ್ಳೆ!" ಅಂತ ನಕ್ಕೊಂಡು ಓಡಿ ಬಂದಳು. ಹತ್ತಿರ ಬಂದ ಮೇಲೆ ಗೊತ್ತಾಯಿತು. ಅವತ್ತು ಕೆಂಪನಂಜಪ್ಪನನ್ನು ಒಂದು ನೋಟ ನೋಡಿದಳು.

ಅದೆಲ್ಲ ಈಗ ಅವನ ನೆನಪಿಗೆ ಬರಲಿಲ್ಲ. ಕೊಳ್ಳೇಗಾಲಕ್ಕೆ ಹೋಗಿ ತಂತಿ ಗುಮಾಸ್ತ ನಾಗಯ್ಯನಿಂದ ಬರೆಸಿದ: ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ. ಜೀವಮಾನದಲ್ಲಿ ಮೊದಲ ಸಲ ನಿಜ ಬರೆಸಿದ್ದ.

ಊರಿಗೆ ಬಂದವನು ಹಾಸಿಗೆ ಪಕ್ಕ ನಕ್ಷೆ ಹರಡಿ ಕೂತ.

"ಎಷ್ಟೊತ್ಗೆ ಬಂದಾಳ್ಲಾ ಕೆಂಪ?"

"ತಂತಿ ನಾಳೆ ಮುಟ್ತದೆ. ರಜಕ್ಕೆ, ಕಾಗದಪತ್ರಕ್ಕೆ ಒಂದು ದಿನ. ಅಲ್ಲಿ ರಾತ್ರಿ ಹತ್ತಕ್ಕೆ ಇಮಾನ ಬುಡ್ತದೆ, ಬೊಂಬಾಯಿಗೆ ಬೆಳಗಾನ ನಾಕೂವರೆಗೆ ಇಳೀತದೆ."

"ಆರೂವರೆ ಗಂಟೆ."

"ಅಲ್ಲ ಕಣ್ಲಾ, ನಾಕೇ. ಅವರ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ಎರಡೂವರೆ ಗಂಟೆ ಎತ್ವಾಸ. ಬರ್ತಾ ಬರ್ತಾ ಎರಡೂವರೆ ಗಂಟೆ ಸಮುದ್ರಕ್ಕೆ ಬಿದ್ದೋಯ್ತದೆ."

ಪುಟ್ಟಮಲ್ಲಪ್ಪ ನೋವಿನಲ್ಲೂ ನಕ್ಕ. "ಅಯ್ಯೋ ಸಿವ್ನೆ! ಬಿದ್ದೋದದ್ದ ನನ್ಗಾರ ಕೊಡ್ಸ್ಲಾ. ಯಾರ್ಗೂ ಬ್ಯಾಡ್ವಲ್ಲ ಅದು."

"ಬೊಂಬಾಯಿಂದ ಬೆಂಗ್ಳೂರ್ಗೆ ಒಂದೂವರೆ ಗಂಟೆ. ಅಲ್ಲಿಂದ ನಮ್ಮ ಬಸ್ಸು. ಕೊಳ್ಳೇಗಾಲದಗಂಟ ಯಾಕೆ ಓದಾಳು, ನಮ್ಮೂರ ಕೂಡುರಸ್ತೆ ಹ್ಯಾಂಡ್‌ಪೋಸ್ಟ್‌ನಲ್ಲೇ ಇಳ್ಕತಾಳೆ. ಹದಿನಾರ್ನೇ ತಾರೀಕು ಸಂಜೆ ನಿನ್ ಬಾಯ್ಗೆ ನೀರು."

"ಇಮಾನ ಯಾವೂರ ಮ್ಯಾಲೆ ಬತ್ತದೆ?"

ಇದಕ್ಕೆ ಕೆಂಪನಂಜಪ್ಪ ತಡವರಿಸಿದ. ನಕ್ಷೆಯಲ್ಲಿದ್ದದ್ದು ಹಳದಿ ಬಣ್ಣದ ಮರಳು, ನೀಲಿ ಬಣ್ಣದ ನೀರು, ಅಷ್ಟೇ. ಆದರೆ ನಡುವೆ ನಿಲ್ಲುವ ಸ್ಟೇಜ್‌ಗಳೇ ಇಲ್ಲದ ದಾರಿಯನ್ನು ಅವನು ಜನ್ಮದಲ್ಲಿ ಕಂಡವನಲ್ಲ. ಬೆರಳಿಟ್ಟು ಹೇಳಿದ, "ಇದ್ ಕಾಮಗೆರೆ ಅಂದ್ಕೊ. ಮರಳು ಮುಗಿಯೋ ಜಾಗ ಹನೂರು. ಸಮುದ್ರದ ನಡುಮಧ್ಯ ಕೌದಳ್ಳಿ. ಬೊಂಬಾಯಿ ದೀಪ ಕಂಡ್ತಲ್ಲ, ಅದೇ ತಾಳಬೆಟ್ಟ." ಪುಟ್ಟಮಲ್ಲಪ್ಪನಿಗೆ ಈಗ ದಾರಿ ಕಣ್ಣಿಗೆ ಕಟ್ಟಿತು. ವರ್ಷಕ್ಕೆರಡು ಸಲ ಬರಿಗಾಲಲ್ಲಿ ನಡೆದ ದಾರಿ ಅದು.

ಹದಿನಾರನೇ ತಾರೀಕು ಬಂತು. ಬಂದದ್ದು ಮಗಳಲ್ಲ, ತಂತಿ. ಶಿವಕುಮಾರಸ್ವಾಮಿ ಓದಿದವನು ಮುಖ ಕಪ್ಪಿಟ್ಟು ನಿಂತ. ಕೆಂಪನಂಜಪ್ಪ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

"ಡೋಂಟ್ ವೇಟ್ ಫಾರ್ ಮಿ. ರೀಚಿಂಗ್ ಟ್ವೆಂಟಿ ಥರ್ಡ್." ಶಿವಕುಮಾರಸ್ವಾಮಿ ಕಾಗದ ಮುದುರಿದ. "ಕಾಯಬೇಡಿ ಅಂತಾವ್ಳೆ ಮಾವ. ಇಪ್ಪತ್ಮೂರಕ್ಕೆ ಬತ್ತಾಳಂತೆ. ಇಲ್ಲಿ ಅಪ್ಪ ಒಂದೊಂದು ಉಸುರ್ಗೂ ಕೂಸು ಕೂಸು ಅಂತಾವ್ನೆ, ಇವಳು ಕಾಯಬೇಡಿ ಅಂತಾವ್ಳೆ. ಕಲ್ಲಾಗೋದ್ಲು."

ಕೆಂಪನಂಜಪ್ಪನ ಮೈಯೆಲ್ಲ ಉರಿದುಹೋಯಿತು. ಹೊತ್ತು ಆಡಿಸಿದ ಕೂಸು ಅದು! ಥೂ, ದುಡ್ಡಿನ ಅಮಲು ನೆತ್ತಿಗೇರಿತು ಅಂತ ಬೈದ. ಬೈದು ಬೈದು ಸುಸ್ತಾಗಿ ಒಳಗೆ ಬಂದರೆ ಪುಟ್ಟಮಲ್ಲಪ್ಪನ ಕಣ್ಣು ಬಾಗಿಲ ಮೇಲೇ ಇತ್ತು.

"ಎಲ್ಲಿಗ್ ಬಂದ್ಲು?"

ಕೆಂಪನಂಜಪ್ಪ ನಕ್ಷೆ ಬಿಡಿಸಿದ. "ರಜ ಸಿಗೋದು ಒಂದ್ ದಿನ ತಡ ಆಯ್ತಂತೆ ಕಣ್ಲಾ. ಇವತ್ತು ರಾತ್ರಿಗೆ ಒಂಟ್ಲು. ತಂತಿ ಬಂದದೆ."

ಮಾರನೇ ದಿನ ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದ. ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತ ಮೇಲೆ ಲೈನು ಸಿಕ್ಕಿತು. ಅತ್ತ ಯಾರೋ ಗಂಡಸು ಅರಬ್ಬಿಯಲ್ಲಿ ಏನೋ ಒದರಿದ, ಇವನು "ರತ್ನ, ರತ್ನ" ಅಂತ ಕೂಗಿದ, ಲೈನು ಸತ್ತುಹೋಯಿತು. ಎದ್ದು ನಾಗಯ್ಯನ ಕಿಟಕಿಗೆ ಬಂದ.

"ಇನ್ನೊಂದು ತಂತಿ ಬರೀರಿ. ಫಾದರ್ ವೆರಿ ಸೀರಿಯಸ್."

ನಾಗಯ್ಯ ಕನ್ನಡಕದ ಮೇಲಿಂದ ನೋಡಿದ. ಇಪ್ಪತ್ತು ವರ್ಷದಿಂದ ತಾಲ್ಲೂಕಿನ ಸಾವನ್ನೆಲ್ಲ ಸೀರಿಯಸ್ ಅಂತ ಬರೆದು ಬರೆದು ಕೈ ಪಳಗಿದ ಮನುಷ್ಯ. "ಅದರಲ್ಲಿ ವೆರಿ ಏನು ಬಂತು ಕೆಂಪನಂಜಪ್ಪನವರೇ? ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸ್ನೇಹಿತರು ಇನ್ನೂ ಇದ್ದಾರಾ?"

"ಇರ್ದೆ ಏನು? ಬೆಳಗ್ಗೆ ಗಂಜಿ ಕುಡುದ್ನಲ್ಲ."

"ಹಂಗಾದ್ರೆ 'ಅಲೈವ್' ಅಂತ ಒಂದು ಮಾತು ಸೇರಿಸ್ಲಾ? ಜೀವ ಇದೆ, ಬೇಗ ಬಾ ಅಂತ."

ಕೆಂಪನಂಜಪ್ಪ ಕಿಟಕಿಯ ಸರಳು ಹಿಡಿದು ಹಾರಿಬಿದ್ದ. "ಥೂ, ಬುಡ್ತು ಅನ್ನಿ! ಬದುಕವ್ನೆ ಅಂತ ಯಾರಾರ ತಂತಿ ಕೊಟ್ಟಾರೇನ್ರಿ? ಅನಿಷ್ಟ! ನೀವ್ ಬದುಕವ್ನೆ ಅಂತ ಬರದ್ ಘಳಿಗೇಲೇ ಅಲ್ಲಿ ಇನ್ನೊಂದಾಗ್ತದೆ. ವೆರಿ ಸೀರಿಯಸ್ ಅಂತ ಬರೀರಿ, ಸಾಕು."

ನಾಗಯ್ಯ ಬರೆದ. ಅವನಿಗೇನು, ಹೇಳಿದ್ದು ಬರೆಯುವ ಕೆಲಸ.

ಅದಕ್ಕೆ ಉತ್ತರವೇ ಬರಲಿಲ್ಲ. ಮೂರು ದಿನ ಅಂದಿದ್ದ ಡಾಕ್ಟರ ಲೆಕ್ಕವನ್ನು ಸುಳ್ಳು ಮಾಡಿ ಪುಟ್ಟಮಲ್ಲಪ್ಪ ಉಸಿರು ಹಿಡಿದೇ ಇದ್ದ. ಗಂಜಿ ನಿಂತಿತು, ಆಮೇಲೆ ಹಾಲು ನಿಂತಿತು. ಕೋಮಲ ಹತ್ತಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದಳು. ನುಂಗು ಅಂದರೆ ನುಂಗುತ್ತಿರಲಿಲ್ಲ. ಮೂಳೆ ಚರ್ಮ ಆಗಿದ್ದ ಆ ದೇಹದಲ್ಲಿ ಕಾಯುವುದೊಂದೇ ಉಳಿದಿತ್ತು. ನೋಡಿದವರು "ಜೀವ ಯಾವುದಕ್ಕೋ ಸಿಕ್ಕಾಕಂಡದೆ" ಅಂದು ಹೋಗುತ್ತಿದ್ದರು. ಯಾವುದಕ್ಕೆ ಅಂತ ಎಲ್ಲರಿಗೂ ಗೊತ್ತಿತ್ತು.

ಕೆಂಪನಂಜಪ್ಪ ದಿನಾ ಬೆಳಗ್ಗೆ ಬಂದು ಕೂತು ರತ್ನಳನ್ನು ಹೊರಡಿಸುತ್ತಿದ್ದ. ಕಾಮಗೆರೆ ದಾಟಿದ್ಲು, ಹನೂರು ದಾಟಿದ್ಲು, ಈಗ ಕೆಳಗೆ ಬರೀ ನೀರು. ಸಂಜೆಯ ಹೊತ್ತಿಗೆ ಏನಾದರೂ ಒಂದು ಅಡ್ಡಿ ತಂದು ಅವಳನ್ನು ನಿಲ್ಲಿಸುತ್ತಿದ್ದ. ಒಂದು ದಿನ ಧೂಳಿನ ಗಾಳಿ ಎದ್ದು ವಿಮಾನ ಬಿಡಲೇ ಇಲ್ಲ. ಇನ್ನೊಂದು ದಿನ ಕೌದಳ್ಳಿಯ ಹತ್ತಿರ, ಅಂದರೆ ಸಮುದ್ರದ ನಡುಮಧ್ಯೆ, ಇಂಜಿನ್ ಕೆಟ್ಟು ಹಿಂದಕ್ಕೆ ತಿರುಗಿತು. ಹೇಳುವಾಗ ಅವನಿಗೇ ನಾಚಿಕೆಯಾಗುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಪ್ಯಾಸೆಂಜರನ್ನೂ ನಡುದಾರಿಯಲ್ಲಿ ಇಳಿಸಿ ಬಂದವನಲ್ಲ ಅವನು.

ಇಪ್ಪತ್ತೊಂದನೇ ತಾರೀಕು ಮಧ್ಯಾಹ್ನ ಪುಟ್ಟಮಲ್ಲಪ್ಪ ಅವನ ಕೈ ಹಿಡಿದುಕೊಂಡ. ಮಾತು ಗಾಳಿಯಂತೆ ಬರುತ್ತಿತ್ತು.

"ಲೇ ಕೆಂಪ, ನೀ ಸುಳ್ ಯೋಳ್ತಿದ್ದೀಯೆ. ಅವಳು ಬತ್ತಿಲ್ಲ."

"ಬತ್ತಾವ್ಳೆ ಕಣ್ಲಾ. ನಿನ್ನಾಣೆ."

"ಸತ್ತೋಗೋನ ಮ್ಯಾಲೆ ಯಾಕ್ಲಾ ಆಣೆ ಮಡಗ್ತೀಯ." "ನನ್ ಕೂಸ್ಗೆ ನಾನ್ ಬ್ಯಾಡ್ವಾದ್ನಾ? ಅದೊಂದ್ ಯೋಳು. ಬ್ಯಾಡ ಬುಡು, ಯೋಳ್ಬ್ಯಾಡ. ಎಲ್ಲಿಗ್ ಬಂದ್ಲು, ಅದೇ ಯೋಳು."

ಕೆಂಪನಂಜಪ್ಪ ಅಳುತ್ತಲೇ ಕಾಮಗೆರೆಯಿಂದ ಶುರುಮಾಡಿದ.

ಇಪ್ಪತ್ತೆರಡರ ಬೆಳಗ್ಗೆ, ಬಿಸಿಲು ಹಟ್ಟಿಗೆ ಬೀಳುವ ಹೊತ್ತು. ಉಸಿರು ಗೊರಗೊರ ಅನ್ನುತ್ತಿತ್ತು. "ತಾಳಬೆಟ್ಟ ಮುಟ್ಟುದ್ಲು ಕಣ್ಲಾ, ಬೊಂಬಾಯಿ ಕಾಣ್ತಾದೆ," ಅಂತ ಕೆಂಪನಂಜಪ್ಪ ಕಿವಿಯ ಹತ್ತಿರ ಹೇಳಿದ. ಪುಟ್ಟಮಲ್ಲಪ್ಪ ಬಾಯಿ ತೆರೆದ. ಕೋಮಲ ಓಡಿಬಂದು ಒಂದು ಉದ್ಧರಣೆ ನೀರು ಬಿಟ್ಟಳು. ಅವನು ಕಣ್ಣು ಅರ್ಧ ಬಿಟ್ಟು ಅವಳ ಮುಖ ನೋಡಿದ. ಇವಳು ಸೊಸೆ, ಮಗಳಲ್ಲ ಅಂತ ತಿಳಿಯುವಷ್ಟು ಪ್ರಜ್ಞೆ ಇತ್ತು. ತುಟಿ ಮುಚ್ಚಿದ. ನೀರು ಕಟಬಾಯಿಯಿಂದ ಹೊರಗೆ ಹರಿದು ಕಿವಿ ಸೇರಿತು. ಅಷ್ಟೇ, ಮುಗಿಯಿತು.

"ನಾಳೆ ಬತ್ತಾಳಲ್ಲ ಅಕ್ಕ. ಒಂದು ದಿನ ಕಾಯಾಣ್ವಾ?" ಅಂತ ಕೋಮಲ ಮೆಲ್ಲಗೆ ಕೇಳಿದಳು. ಶಿವಕುಮಾರಸ್ವಾಮಿ ಕೆಂಪನಂಜಪ್ಪನತ್ತ ತಿರುಗಿದ.

"ಯಾಕವ್ವ ಕಾಯದು?" ಅಂತ ಕೆಂಪನಂಜಪ್ಪ ಗುಡುಗಿದ. "ಕಾಯಬೇಡಿ ಅಂತ ಅವಳೇ ಬರದವ್ಳಲ್ಲ. ಬದುಕಿದ್ದೋನ ಮುಖ ಬ್ಯಾಡ್ವಾದೋಳ್ಗೆ ಸತ್ತೋನ ಮುಖ ಯಾಕೆ? ಎತ್ರಿ."

ಸಂಜೆಯೊಳಗೆ ನಾಲೆ ಪಕ್ಕದ ಅವನದೇ ಗದ್ದೆಯ ಮೂಲೆಯಲ್ಲಿ, ಹೆಂಡತಿಯ ಗದ್ದುಗೆಯ ಬಲಕ್ಕೆ, ಗುಂಡಿಯೊಳಗೆ ಗೂಡು ತೋಡಿ ಕೂರಿಸಿ ಮಣ್ಣು ಮುಚ್ಚಿದರು.

ಇಪ್ಪತ್ತಮೂರರ ಬೆಳಗ್ಗೆ ಕೆಂಪನಂಜಪ್ಪ ಹ್ಯಾಂಡ್‌ಪೋಸ್ಟ್‌ಗೆ ಹೋಗಿ ನಿಂತ. ಕರೆದುಕೊಂಡು ಬರಲಿಕ್ಕಲ್ಲ, ಬಸ್ಸಿಳಿದ ಕೂಡಲೆ ಕೆನ್ನೆಗೆ ಬಾರಿಸಲಿಕ್ಕೆ. ಅವಳಿಗೆ ಮೂವತ್ತಾಗಿರಲಿ, ನೂರಾಗಿರಲಿ. ಏನೇನು ಅನ್ನಬೇಕು ಅಂತ ಇರುಳೆಲ್ಲ ಜೋಡಿಸಿಕೊಂಡಿದ್ದ. ಬೆಂಗಳೂರು ಬಸ್ಸು ಬಂತು. ಬಿಳಿ ಸೀರೆ ಉಟ್ಟ ರತ್ನ ಒಂದು ಸಣ್ಣ ಪೆಟ್ಟಿಗೆ ಹಿಡಿದು ಇಳಿದಳು. ಅತ್ತು ಅತ್ತು ಬತ್ತಿಹೋದ ಮುಖ. ಇವನನ್ನು ಕಂಡವಳೇ ಬಾಗಿ ಕಾಲು ಮುಟ್ಟಿದಳು.

"ಹನ್ನೊಂದನೇ ದಿನಕ್ಕಾದ್ರೂ ಬಂದ್ನಲ್ಲ ಮಾವ. ಮನೇಗ್ ಬ್ಯಾಡ, ಮೊದ್ಲು ಅಪ್ಪನ ಹತ್ರ ಕರ್ಕಂಡ್ ನಡೀರಿ."

ಎತ್ತಿದ ಕೈ ಹಾಗೇ ನಿಂತಿತು. "ಏನು ಹನ್ನೊಂದು?"

"ಅಪ್ಪನ ಕಾರ್ಯ ಇವತ್ತಲ್ವಾ? ಹದಿಮೂರಕ್ಕೆ ಹೋದ್ರು ಅಂದ್ರೆ ಇವತ್ತಿಗೆ ಹನ್ನೊಂದು. ಲೆಕ್ಕ ತಪ್ಪಿದ್ನಾ?"

ಕೆಂಪನಂಜಪ್ಪ ಕೈ ಇಳಿಸಿದ. ಅವಳು ಮುಂದೆ ಮುಂದೆ ನಡೆಯುತ್ತ ಮಾತಾಡುತ್ತಲೇ ಇದ್ದಳು, ಹತ್ತು ದಿನದಿಂದ ಕನ್ನಡ ಆಡಲು ಯಾರೂ ಸಿಕ್ಕದವಳ ಹಾಗೆ.

"ತಂತಿ ಕೈಗೆ ಬಂದ ಕೂಡ್ಲೆ ಗೊತ್ತಾಯ್ತು ಮಾವ. ಸೀರಿಯಸ್ ಅಂದ್ರೆ ಏನು ಅಂತ ಅವ್ವ ಹೋದಾಗ್ಲೇ ಕಲ್ತಿದ್ದೆ. ಅವತ್ತೇ ಮಣ್ಣು ಮಾಡಿರ್ತೀರ. ನಾನು ಹಾರ್ಕಂಡ್ ಬಂದ್ರೂ ಆ ದೇಶ ಬಿಡೋ ಅಪ್ಪಣೆ ಕಾಗದ ಆಗಿ ಬರೋಕೆ ಮೂರು ನಾಲ್ಕು ದಿನ. ಬಂದು ಯಾರ ಮುಖ ನೋಡ್ಲಿ? ಹೆಣ ಇಟ್ಕಂಡು ನನಗೋಸ್ಕರ ಕೂತಾರು ಅಂತ, ಕಾಯಬೇಡಿ ಅಂತ ತಂತಿ ಕೊಟ್ಟೆ. ಸಿಕ್ಕೋ ನಾಲ್ಕು ದಿನ ರಜನಾದ್ರೂ ಕಾರ್ಯಕ್ಕೆ ಇರ್ಲಿ ಅಂತ ಹೊಂದಿಸ್ಕಂಡೆ. ನೀವು ಎರಡನೇ ಸಲ ವೆರಿ ಸೀರಿಯಸ್ ಅಂತ ಬೇರೆ ಕೊಟ್ಟಿದ್ರಲ್ಲ, ಅದ ಓದಿ ತುಂಬ ಅತ್ತೆ ಮಾವ. ಇಷ್ಟು ದಿನ ಆದ್ಮೇಲೂ ನನ್ನ ಎದೆ ಒಡೀಬಾರ್ದು ಅಂತ ನೋಡ್ತಾವ್ರಲ್ಲ ಅಂತ."

ಹಾರಿಕೊಂಡು ಬಂದಿದ್ದರೆ ಹದಿನೇಳು, ಹೆಚ್ಚೆಂದರೆ ಹದಿನೆಂಟು. ಕೆಂಪನಂಜಪ್ಪನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು, ಬೇಡವೆಂದರೂ ಹಾಕಿತು. ನಾಲ್ಕು ದಿನ ಸಿಗುತ್ತಿತ್ತು ತಂದೆ ಮಗಳಿಗೆ. ಮಾತಾಡುವಷ್ಟು ಶಕ್ತಿ ಇದ್ದ ನಾಲ್ಕು ದಿನ. ಲೆಕ್ಕ ಹಾಕುತ್ತಲೇ ಅವಳ ಹಿಂದೆ ನಡೆದ.

ನಾಲೆ ದಾಟಿದರು. ರತ್ನ ಅವ್ವನ ಗದ್ದುಗೆಗೆ ಕೈ ಮುಗಿದು ಬಲಕ್ಕೆ ತಿರುಗಿದಳು. ಸೇವಂತಿಗೆ ಹಾರ ಬಾಡಿರಲಿಲ್ಲ. ಊದುಬತ್ತಿಯ ಬೂದಿ ಕಡ್ಡಿಯ ಮೇಲೆ ಹಾಗೇ ನಿಂತಿತ್ತು. ಅವಳು ಪೆಟ್ಟಿಗೆ ಇಳಿಸಿ, ಮಂಡಿಯೂರಿ, ಎರಡೂ ಅಂಗೈಯನ್ನು ಮಣ್ಣಿನ ಮೇಲಿಟ್ಟಳು. ತೆಗೆದು ನೋಡಿಕೊಂಡಳು. ಕೆಸರು ಅಂಟಿತ್ತು. ನರ್ಸು ಅವಳು, ಯಾವುದು ಹಳೆಯದು, ಯಾವುದು ಹೊಸದು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮಾವ, ಮಣ್ಣು ಇನ್ನೂ ಹಸಿ ಅದೆ."

ಕೆಂಪನಂಜಪ್ಪ ಬಗ್ಗಿ ಹಾರ ಸರಿಪಡಿಸಲು ಹೋದ.

"ಯಾವತ್ತು ಮಾವ?"

"ನೆನ್ನೆ."

ಅವಳು ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಎದ್ದಳು. ನಾಲೆಯಿಂದ ಬೊಗಸೆಯಲ್ಲಿ ನೀರು ತಂದು ತಲೆ ಇರುವ ಜಾಗ ಅಂದಾಜು ಮಾಡಿ ಸುರಿದಳು. ಹಸಿ ಮಣ್ಣು ಹೆಚ್ಚು ಕುಡಿಯಲಿಲ್ಲ, ನೀರು ಪಕ್ಕಕ್ಕೆ ಹರಿಯಿತು.

"ಬದುಕವ್ರೆ ಅಂತ ಒಂದು ಮಾತು ಬರೀಬಾರ್ದಿತ್ತಾ ಮಾವ?"

ಕೆಂಪನಂಜಪ್ಪ ಗದ್ದೆಯ ಬದುವಿನ ಮೇಲೆ ಕುಸಿದು ಕೂತ. "ಅನಿಷ್ಟ ಅಂದ್ಕಂಡೆ ಕಣವ್ವ," ಅಂದ.